ಪರಸ್ಥಳದ ಹಾಡು: ಬಾಸೆಲ್ ಮಿಷನ್ನಿನ ಕನ್ನಡ ಗೀತೆಗಳೂ ಕಿಟೆಲರ ‘ಕಥಾಮಾಲೆ’ಯೂ

೧

ಬೆಂಗಳೂರಿನ ಪಶ್ಚಿಮದ ಬಡಾವಣೆಗಳು ಬಹುಮಟ್ಟಿಗೆ ಪರಸ್ಥಳದಿಂದ ಬಂದವರ ಬಡಾವಣೆಗಳು. ಸ್ವಾತಂತ್ರ್ಯ ಬಂದ ಕಾಲದಲ್ಲಿ ಆರಂಭವಾದ ರಾಜಾಜಿನಗರಕ್ಕೂ, ಅದರ ತರುವಾಯ ಬೆಳೆದ ವಿಜಯನಗರ, ಬಸವೇಶ್ವರನಗರಗಳಿಗೂ ಕಾರ್ಖಾನೆಯ, ಕಚೇರಿಯ, ಆಸ್ಪತ್ರೆಯ ಕೆಲಸ ನಾಡಿನ ನಾನಾ ಕಡೆಗಳಿಂದ ಜನರನ್ನು ಕರೆತಂದಿದೆ. ಮೈಸೂರು ರಸ್ತೆಯ ಮೇಲೆ ಬೇರೆಯೇ ಒಂದು ಊರಾಗಿದ್ದ ಕೆಂಗೇರಿ ೨೦೦೭ರಲ್ಲಿ ಮಹಾನಗರದ ಆಡಳಿತಕ್ಕೆ ಸೇರಿತು. ೨೦೨೧ರಲ್ಲಿ ಮೆಟ್ರೋ ರೈಲೂ ಅಲ್ಲಿಗೆ ಮುಟ್ಟಿತು. ಹೀಗೆ ಬಂದು ನೆಲಸಿದವರಲ್ಲಿ ಧಾರವಾಡ, ಹುಬ್ಬಳ್ಳಿ, ಬೆಟಗೇರಿ, ಗುಳೇದಗುಡ್ಡ, ಮಂಗಳೂರು ಈ ಕಡೆಗಳ ಕನ್ನಡ ಪ್ರಾಟೆಸ್ಟಂಟ್ ಕ್ರೈಸ್ತ ಮನೆತನಗಳೂ ಉಂಟು. ಇವರ ಪೂರ್ವಿಕರ ಸಭೆಗಳು ಕಳೆದ ಶತಮಾನಕ್ಕೂ ಹಿಂದೆ ಬಾಸೆಲ್ ಮಿಷನ್ನಿನ ಮೂಲಕ ಹುಟ್ಟಿದವು.

ಕೆಲವು ತಿಂಗಳ ಹಿಂದೆ ಕೆಂಗೇರಿ ಉಪನಗರದ ಒಂದು ಮನೆಯಲ್ಲಿ ನಡೆದ ಸಂಜೆಯ ಪ್ರಾರ್ಥನೆಗೆ ನಮ್ಮನ್ನು ಕರೆದಿದ್ದರು. ಹತ್ತು ಹನ್ನೆರಡು ಮಂದಿ ಸೇರಿದ್ದರು. ವಾದ್ಯವೇನೂ ಇರಲಿಲ್ಲ. ಮನೆಯ ಹಿರಿಯ ತಾಯಿಯೊಬ್ಬರು ಗೀತೆಯನ್ನು ಎತ್ತಿಕೊಂಡರು, ಉಳಿದವರು ಸೇರಿಸಿದರು. ಮಾತು ಕನ್ನಡ. ಧಾಟಿ ಮಾತ್ರ ಜರ್ಮನಿಯ ಹಳೆಯ ದೇವಾಲಯಗಳದು: ಅಕ್ಷರಕ್ಕೊಂದು ಸ್ವರ, ಸಾಲಿನ ಕೊನೆಗೊಂದು ನಿಲುಗಡೆ, ಎಲ್ಲರೂ ಒಟ್ಟಾಗಿ ಇಡುವ ಭಾರವಾದ ಹೆಜ್ಜೆ. ಪ್ರಾರ್ಥನೆ ಮುಗಿದ ಮೇಲೆ ನಾವು ಆ ಧಾಟಿಯ ಮೂಲವನ್ನು ಕುರಿತು ವಿಚಾರಿಸಿದೆವು. ಆಕೆ ಹೇಳಿದ್ದು ಇಷ್ಟು: “ಇದು ನಮ್ಮ ಬೆಟಗೇರಿ ಧಾಟಿರೀ ಸರ. ನಮ್ಮವ್ವ ರೊಟ್ಟಿ ಬಡಿಯೋವಾಗ ಇದನ್ನ ಹಾಡ್ತಿದ್ದಳು. ಇಲ್ಲಿ ಬಂದಮ್ಯಾಗ ಇದೊಂದು ಹಾಡಿದ್ರ ಊರಿಗೆ ಹೋಗಿ ಬಂದಂಗ ಆಗ್ತೈತಿ.”

ಇತಿಹಾಸದ ಅಧ್ಯಾಪಕರಾದ ನಮಗೆ ಇದನ್ನು ತಿದ್ದಬೇಕೆಂಬ ಆಸೆ ಮೊದಲು ಹುಟ್ಟಿತೆಂಬುದನ್ನು ಮರೆಮಾಚಬೇಕಾಗಿಲ್ಲ. ಧಾಟಿ ಬೆಟಗೇರಿಯದಲ್ಲ, ಜರ್ಮನಿಯದು, ಎನ್ನುವುದು ಸುಲಭವಾಗಿದ್ದಿತು. ಆದರೆ ಯೋಚಿಸುತ್ತ ಹೋದಂತೆ ತಿದ್ದಬೇಕಾದದ್ದು ಆ ತಾಯಿಯ ಮಾತನ್ನೋ ನಮ್ಮ ವಿಚಾರಕ್ರಮವನ್ನೋ ಎಂಬ ಸಂದೇಹ ಉಂಟಾಯಿತು. ಮನೆಯಿಂದ ದೂರವಿರುವವರನ್ನು ಕ್ರೈಸ್ತ ಶ್ರದ್ಧೆಯೂ ಅದರ ಗಾನವೂ ಯಾವ ಬಗೆಯಲ್ಲಿ ಹಿಡಿದು ನಿಲ್ಲಿಸುತ್ತವೆ ಎಂಬ ಪ್ರಶ್ನೆಯನ್ನು ಬಾಸೆಲ್ ಮಿಷನ್ನಿನ ಕನ್ನಡ ಗೀತೆಗಳನ್ನೂ ಫರ್ಡಿನಂಡ್ ಕಿಟೆಲರ ‘ಕಥಾಮಾಲೆ’ಯನ್ನೂ ಎದುರಿಗಿಟ್ಟುಕೊಂಡು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ವಿಷಯದಲ್ಲಿ ಎರಡು ಅಭಿಪ್ರಾಯಗಳು ಸಾಮಾನ್ಯವಾಗಿ ಕೇಳಿಬರುತ್ತವೆ. ದೂರ ಹೋದವನು ತನ್ನ ನಾಡನ್ನು ಹಾಡಿನಲ್ಲಿ ಗಂಟುಕಟ್ಟಿ ಒಯ್ಯುತ್ತಾನೆ. ಆ ಗಂಟು ಬಿಚ್ಚಿದಾಗಲೆಲ್ಲ ನಾಡು ಇದ್ದ ಹಾಗೆಯೇ ದೊರೆಯುತ್ತದೆ. ಅದೇ ಅವನಿಗೆ ಆಧಾರ, ಎಂಬುದು ಒಂದು. ಕನ್ನಡ ದೇವಾಲಯಗಳಲ್ಲಿ ಹಾಡುವ ಪಾಶ್ಚಾತ್ಯ ಧಾಟಿಗಳು ಹೊರಗಿನಿಂದ ಹೇರಿದವು. ಅವು ಕ್ರೈಸ್ತನನ್ನು ನೆರೆಹೊರೆಯಿಂದ ಬೇರ್ಪಡಿಸಿದುವೇ ಹೊರತು ಯಾರಿಗೂ ಮನೆಯಾಗಲಾರವು, ಎಂಬುದು ಮತ್ತೊಂದು. ಮೇಲುನೋಟಕ್ಕೆ ಇವು ಪರಸ್ಪರ ವಿರುದ್ಧ. ಆದರೆ ಎರಡೂ ಹಾಡಿನ ಹುಟ್ಟನ್ನು ಮಾತ್ರ ನೋಡುತ್ತವೆ, ಬಾಳುವೆಯನ್ನು ನೋಡುವುದಿಲ್ಲ. ಅದೇ ಅವುಗಳ ಸಮಾನದೋಷವೆಂದು ನಮಗೆ ತೋರುತ್ತದೆ.

೨

ಬಾಸೆಲ್ ಮಿಷನ್ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ೧೮೧೫ರಲ್ಲಿ ಸ್ಥಾಪಿತವಾಯಿತು. ಅದರ ಪರವಾಗಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ೧೮೩೪ರ ಅಕ್ಟೋಬರ್ ೩೦ರಂದು ಮಂಗಳೂರಿಗೆ ಬಂದರು. ಮುಂದೆ ಧಾರವಾಡದಲ್ಲಿ ೧೮೩೭ರಲ್ಲಿಯೂ, ಹುಬ್ಬಳ್ಳಿಯಲ್ಲಿ ೧೮೩೯ರಲ್ಲಿಯೂ, ಬೆಟಗೇರಿಯಲ್ಲಿ ೧೮೪೧ರಲ್ಲಿಯೂ ಮಿಷನ್ನಿನ ಠಾಣ್ಯಗಳು ಏರ್ಪಟ್ಟುವು. ಮಂಗಳೂರಿನ ಮುದ್ರಣಾಲಯ ೧೮೪೧ರಲ್ಲಿ ಕೆಲಸ ಆರಂಭಿಸಿತು. ಹೀಗೆ ಬಂದ ಮಿಷನರಿಗಳಲ್ಲಿ ಬಹುಮಂದಿ ದಕ್ಷಿಣ ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯವರು. ಆ ಸೀಮೆಯಲ್ಲಿ ಪೀಟಿಸಂ ಎಂಬ ಭಕ್ತಿಪಂಥ ಆಳವಾಗಿ ಬೇರೂರಿದ್ದಿತು. ದೇವಾಲಯದ ಆರಾಧನೆಯಷ್ಟೇ ಮಹತ್ತ್ವವನ್ನು ಆ ಪಂಥದವರು ಮನೆಯ ಕೂಟಕ್ಕೂ ಕೊಡುತ್ತಿದ್ದರು. ಸಂಜೆ ನಾಲ್ಕಾರು ಮನೆಯವರು ಒಂದೆಡೆ ಸೇರಿ ಶಾಸ್ತ್ರ ಓದುವುದು, ಅದರ ಮೇಲೆ ಮಾತನಾಡುವುದು, ಹಾಡುವುದು, ಇದು ಅವರ ಪದ್ಧತಿ. ಮಿಷನರಿಯಾಗಿ ಹೊರಟ ಯುವಕ ತನ್ನೊಡನೆ ತಂದದ್ದು ದೊಡ್ಡ ದೇವಾಲಯದ ಆರ್ಗನ್ನನ್ನಲ್ಲ, ಈ ಮನೆಯ ಕೂಟವನ್ನು. ಕೆಂಗೇರಿಯ ಮನೆಯಲ್ಲಿ ನಾವು ಕಂಡ ಕೂಟಕ್ಕೂ ಇದಕ್ಕೂ ಇರುವ ಹೋಲಿಕೆ ಆಕಸ್ಮಿಕವಲ್ಲ.

ಇವರ ಬಾಳು ಎಷ್ಟು ಒಂಟಿಯಾಗಿದ್ದಿತೆಂಬುದನ್ನು ಇಂದು ಊಹಿಸುವುದು ಕಷ್ಟ. ಸೂಯೆಜ್ ಕಾಲುವೆ ತೆರೆದದ್ದು ೧೮೬೯ರಲ್ಲಿ. ಅದಕ್ಕೆ ಮೊದಲು ಬಂದವರಿಗೆ ಮನೆಯ ಪತ್ರವೆಂದರೆ ಬಹುಕಾಲ ಕಾದು ಪಡೆಯಬೇಕಾದ ಪದಾರ್ಥ. ಜ್ವರ, ಆಮಶಂಕೆ, ವಿಷೂಚಿಗಳಿಂದ ಸತ್ತವರು ಅನೇಕರು. ಮದುವೆಗೂ ಬಾಸೆಲಿನ ಆಡಳಿತ ಸಮಿತಿಯ ಅನುಮತಿ ಬೇಕಾಗಿದ್ದಿತು. ಎಲ್ಲಕ್ಕಿಂತ ಕಠಿನವಾದದ್ದು ಮಕ್ಕಳ ವಿಷಯದ ಕಟ್ಟಳೆ. ೧೮೫೦ರ ದಶಕದಿಂದ ಮಿಷನರಿಗಳ ಮಕ್ಕಳನ್ನು ಶಾಲೆಯ ವಯಸ್ಸಿಗೆ ಯೂರೋಪಿಗೆ ಕಳುಹಿಸಬೇಕಾಗಿದ್ದಿತು. ಬಾಸೆಲಿನಲ್ಲಿ ಅವರಿಗಾಗಿ ಮಕ್ಕಳ ಮನೆ ಇದ್ದಿತು. ಆರೇಳು ವರ್ಷದ ಮಗುವನ್ನು ಮಂಗಳೂರಿನ ಬಂದರಿನಲ್ಲಿ ಹಡಗು ಹತ್ತಿಸಿದ ತಾಯಿ ಅದನ್ನು ಮತ್ತೆ ಕಾಣುವ ಹೊತ್ತಿಗೆ ಅದು ಪ್ರಾಯಕ್ಕೆ ಬಂದಿರಬಹುದಾಗಿದ್ದಿತು.

ಇಂತಹ ಸ್ಥಿತಿಯಲ್ಲಿ ಹಾಡು ಮಾಡಿದ ಕೆಲಸವೇನು? ಅದು ಬರಿಯ ನೆನಪಾಗಿರಲಿಲ್ಲ. ನೆನಪು ಒಬ್ಬನೊಳಗೆ ನಡೆಯತಕ್ಕದ್ದು. ಸಭಾಗೀತೆ ಒಬ್ಬನಿಂದ ನಡೆಯಲಾರದು. ಭಾನುವಾರ ಧಾರವಾಡದಲ್ಲಿ ಒಂದು ಧಾಟಿಯನ್ನು ಎತ್ತಿಕೊಂಡ ತಾಯಿಗೆ, ಅದೇ ದಿನ ಅದೇ ಧಾಟಿಯನ್ನು ಬಾಸೆಲಿನಲ್ಲಿ ತನ್ನ ಮಗುವೂ ಹಾಡುತ್ತಿರಬಹುದೆಂಬ ಭರವಸೆ ಇದ್ದಿತು. ಪತ್ರ ಹೋಗುವುದಕ್ಕೆ ತಿಂಗಳುಗಳು ಬೇಕು. ಹಾಡಿನಲ್ಲಿ ಸೇರುವುದಕ್ಕೆ ಭಾನುವಾರವೊಂದು ಸಾಕು. ದೂರವನ್ನು ಹಾಡು ಅಳಿಸಲಿಲ್ಲ. ದೂರದ ಎರಡು ತುದಿಗಳಲ್ಲಿ ಇರುವವರಿಗೆ ಏಕಕಾಲದಲ್ಲಿ ಮಾಡಬಹುದಾದ ಒಂದು ಕೆಲಸವನ್ನು ಕೊಟ್ಟಿತು. ಕ್ರೈಸ್ತ ಶ್ರದ್ಧೆ ಆ ಕೆಲಸಕ್ಕೆ ಅರ್ಥವನ್ನು ಒದಗಿಸಿತು. ಈ ಶ್ರದ್ಧೆಯ ಪ್ರಕಾರ ಮನುಷ್ಯ ಭೂಮಿಯ ಮೇಲೆ ಎಲ್ಲಿದ್ದರೂ ಪರಸ್ಥಳದವನೇ. ಹಾಗಾಗಿ ಧಾರವಾಡದ ಒಂಟಿತನ ತನಗೆ ಮಾತ್ರ ಬಂದ ದುರ್ದೆಸೆಯಲ್ಲ, ಎಲ್ಲರ ಪಾಡಿನ ಒಂದು ತೀವ್ರರೂಪ. ಬಾಬಿಲೋನಿನಲ್ಲಿ ಸೆರೆಯಾಗಿದ್ದ ಯೆಹೂದ್ಯರು ಪರದೇಶದಲ್ಲಿ ತಮ್ಮ ದೇವರ ಹಾಡನ್ನು ಹಾಡಲಾರೆವೆಂದು ಕೊರಗಿದ ವಿಷಯ ೧೩೭ನೆಯ ಕೀರ್ತನೆಯಲ್ಲಿದೆ. ಹಾಡಲಾರೆವೆಂಬ ಆ ಕೊರಗೇ ಸಾವಿರಾರು ವರ್ಷ ಹಾಡಾಗಿ ಉಳಿದುಬಂದಿದೆಯೆಂಬುದನ್ನು ನೆನೆದರೆ ಈ ಮಾತು ಸ್ಪಷ್ಟವಾಗುತ್ತದೆ.

೩

ಇಷ್ಟಕ್ಕೇ ನಿಲ್ಲಿಸಿದರೆ ನಮ್ಮ ವಿಮರ್ಶೆ ಅರ್ಧವಾಗುತ್ತದೆ. ಆ ಸಭೆಗಳಲ್ಲಿ ಮನೆಯಿಂದ ದೂರವಿದ್ದವರು ಜರ್ಮನರು ಮಾತ್ರವಲ್ಲ. ಹುಟ್ಟಿದ ಊರನ್ನು ಬಿಟ್ಟು ಹೋಗದೆಯೇ ಮನೆ ಕಳೆದುಕೊಂಡವರು ಅವರ ಪಕ್ಕದಲ್ಲಿಯೇ ಕುಳಿತಿದ್ದರು. ಅವರು ಕ್ರೈಸ್ತಮತಕ್ಕೆ ಸೇರಿದ ಕನ್ನಡಿಗರು, ತುಳುವರು, ಕೊಂಕಣಿಗರು.

ಮಂಗಳೂರಿನ ಆನಂದರಾವ್ ಕೌಂಡಿನ್ಯರ ಚರಿತ್ರೆ ಇದಕ್ಕೆ ಸ್ಪಷ್ಟವಾದ ಉದಾಹರಣೆ. ೧೮೨೫ರಲ್ಲಿ ಸಾರಸ್ವತ ಬ್ರಾಹ್ಮಣ ಮನೆತನದಲ್ಲಿ ಹುಟ್ಟಿದ ಇವರು ಮಿಷನ್ನಿನ ಶಾಲೆಯಲ್ಲಿ ಓದಿ ೧೮೪೪ರ ಜನವರಿಯಲ್ಲಿ ದೀಕ್ಷಾಸ್ನಾನ ಪಡೆದರು. ಊರು ಅಲ್ಲೋಲಕಲ್ಲೋಲವಾಯಿತು. ಕೈಹಿಡಿದ ಹೆಂಡತಿ ಅವರ ಬಳಿಗೆ ಬರಲಿಲ್ಲ. ತಂದೆಯ ಮನೆ ಅದೇ ಊರಿನಲ್ಲಿದ್ದರೂ ಅದರ ಬಾಗಿಲು ಬಾಸೆಲಿಗಿಂತ ದೂರವಾಯಿತು. ೧೮೪೬ರಿಂದ ೧೮೫೧ರವರೆಗೆ ಅವರು ಬಾಸೆಲಿನಲ್ಲಿಯೇ ಇದ್ದು ಓದಿ, ಪಾದ್ರಿಯಾಗಿ ನಾಡಿಗೆ ಮರಳಿದರು, ೧೮೬೦ರಲ್ಲಿ ಜರ್ಮನ್ ಮಹಿಳೆಯೊಬ್ಬರನ್ನು ವಿವಾಹವಾದರು, ೧೮೯೩ರಲ್ಲಿ ನಿಧನರಾದರು. ಬಾಸೆಲಿನಲ್ಲಿ ಅವರು ಭಾರತೀಯ. ಮಂಗಳೂರಿನಲ್ಲಿ ಬಂಧುಗಳ ಪಾಲಿಗೆ ಹೊರಗಿನವ. ಎರಡು ಕಡೆಯೂ ಪರಕೀಯನಾದವನಿಗೆ ಎರಡು ಕಡೆಯೂ ದೊರಕುತ್ತಿದ್ದ ವಸ್ತು ಸಭೆಯ ಆರಾಧನೆ ಮತ್ತು ಅದರ ಗೀತೆ.

ಕೌಂಡಿನ್ಯರಷ್ಟು ಹೆಸರಾಗದ ಸಾವಿರಾರು ಮಂದಿಯ ಪಾಡೂ ಇದೇ. ಜಾತಿಯಿಂದ ಹೊರಬಿದ್ದವನಿಗೆ ಬಾವಿಯ ನೀರು, ಕುಲದ ಕಸುಬು, ಮದುವೆಯ ಸಂಬಂಧ ಎಲ್ಲವೂ ತಪ್ಪುತ್ತಿದ್ದುವು. ಮಿಷನ್ನು ನೇಯ್ಗೆಯ ಕಾರ್ಖಾನೆಗಳನ್ನೂ, ೧೮೬೫ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನೂ ತೆರೆದುದಕ್ಕೆ ಹೀಗೆ ನೆಲೆ ತಪ್ಪಿದವರ ಹೊಟ್ಟೆಯ ಪ್ರಶ್ನೆಯೂ ಒಂದು ಕಾರಣ. ಆದರೆ ಕಸುಬಿನೊಡನೆ ಇನ್ನೊಂದು ವಸ್ತುವೂ ತಪ್ಪಿತೆಂಬುದನ್ನು ಚರಿತ್ರಕಾರರು ಸಾಕಷ್ಟು ಗಮನಿಸಿಲ್ಲ. ಅದು ಅವನ ಹಾಡು. ಹಬ್ಬದ ಹಾಡು, ದೇವರ ಪದ, ಭಜನೆ ಇವೆಲ್ಲ ಹಳೆಯ ದೇವರುಗಳಿಗೆ ಸೇರಿದವು. ಹೊಸ ಸಭೆಯೊಳಗೆ ಅವನ್ನು ತರುವಂತಿರಲಿಲ್ಲ.

ಇಲ್ಲಿ ಒಂದು ವಿಪರ್ಯಾಸ ಎದುರಾಗುತ್ತದೆ. ೧೮೪೩ರಲ್ಲಿ ‘ಮಂಗಳೂರು ಸಮಾಚಾರ’ವನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗರು ಹರಿದಾಸರ ಪದಗಳನ್ನು ಸಂಗ್ರಹಿಸಿ ೧೮೫೦ರಲ್ಲಿ ಮಂಗಳೂರಿನಲ್ಲಿ ಅಚ್ಚುಹಾಕಿಸಿದರು. ದಾಸರ ಪದಗಳು ಮುದ್ರಣದ ಬೆಳಕು ಕಂಡದ್ದು ಮಿಷನ್ನಿನ ಅಚ್ಚುಕೂಟದಿಂದ. ಆದರೆ ಆ ಅಚ್ಚುಕೂಟಕ್ಕೆ ಸೇರಿದ ಸಭೆಯಲ್ಲಿ ಆ ಪದಗಳಿಗೂ ಅವುಗಳ ಧಾಟಿಗೂ ಸ್ಥಳವಿರಲಿಲ್ಲ. ವಿದ್ವಾಂಸನಾಗಿ ಮಿಷನರಿ ಮೆಚ್ಚಿದ್ದನ್ನು ಉಪಾಸಕನಾಗಿ ಅವನು ಒಳಗೆ ಬಿಟ್ಟುಕೊಳ್ಳಲಿಲ್ಲ. ತನ್ನ ಊರಿನ ಧಾಟಿಯಿಂದ ಜರ್ಮನನಿಗೆ ದೊರೆತ ಸಮಾಧಾನಕ್ಕೆ, ತನ್ನ ಊರಿನ ಧಾಟಿಯನ್ನು ಬಿಟ್ಟ ಕನ್ನಡಿಗನ ನಷ್ಟವೂ ಸೇರಿಕೊಂಡಿದ್ದಿತೆಂದು ಹೇಳದೆ ವಿಧಿಯಿಲ್ಲ. ಈ ಮಾತು ಕಹಿಯಾದರೂ ಅದನ್ನು ಬಿಟ್ಟು ಬಾಸೆಲ್ ಮಿಷನ್ನಿನ ಸಂಗೀತವನ್ನು ಹೊಗಳುವುದು ಸತ್ಯಕ್ಕೆ ದೂರವಾಗುತ್ತದೆ.

೪

ಈಗ ಗೀತೆಗಳ ರೂಪವನ್ನು ಸ್ವಲ್ಪ ನೋಡಬಹುದು. ಜರ್ಮನ್ ಸಭಾಗೀತೆಗೆ ಕೋರಾಲ್ ಎಂದು ಹೆಸರು. ಹದಿನಾರನೆಯ ಶತಮಾನದಲ್ಲಿ ಮಾರ್ಟಿನ್ ಲೂಥರ್ ಇದನ್ನು ಬಳಕೆಗೆ ತಂದುದರ ಮೂಲೋದ್ದೇಶ ಸರಳವಾದದ್ದು. ಪುರೋಹಿತವರ್ಗವೂ ಗಾಯಕವೃಂದವೂ ಲ್ಯಾಟಿನ್ನಿನಲ್ಲಿ ಹಾಡುವುದನ್ನು ಜನ ಸುಮ್ಮನೆ ಕೇಳುವುದರ ಬದಲು, ಜನರೇ ತಮ್ಮ ಮಾತಿನಲ್ಲಿ, ತಮಗೆ ಹಾಡಲು ಬರುವ ಧಾಟಿಯಲ್ಲಿ ಹಾಡಬೇಕು. ಜನರ ನಡುವೆ ಬಳಕೆಯಲ್ಲಿದ್ದ ಧಾಟಿಗಳೂ ಇದಕ್ಕೆ ಒದಗಿದುವು. ಈ ತತ್ತ್ವದಲ್ಲಿ ಎರಡು ಅಂಶಗಳಿವೆ: ತಾಯ್ನುಡಿ ಒಂದು, ಜನರ ಧಾಟಿ ಇನ್ನೊಂದು. ೧೭೦೬ರಲ್ಲಿ ತರಂಗಂಬಾಡಿಗೆ ಬಂದ ತ್ಸೀಗನ್‌ಬಾಲ್ಗ್‌ನಿಂದ ಮೊದಲುಗೊಂಡು ನಮ್ಮ ಬಾಸೆಲ್ ಮಿಷನರಿಗಳವರೆಗೆ ಎಲ್ಲರೂ ಮೊದಲನೆಯ ಅಂಶವನ್ನು ನಿಷ್ಠೆಯಿಂದ ಪಾಲಿಸಿದರು. ಎರಡನೆಯದರಲ್ಲಿ ಮಾತ್ರ ಬಹುಮಂದಿ ಲೂಥರನ ಮಾತನ್ನು ಹಿಡಿದು ಅವನ ರೀತಿಯನ್ನು ಬಿಟ್ಟರು. ವಿಟೆನ್‌ಬರ್ಗಿನ ಜನರ ಧಾಟಿಯೇ ಧಾರವಾಡದ ಜನರ ಧಾಟಿಯೂ ಆಯಿತು.

ಇದರ ಪರಿಣಾಮ ಛಂದಸ್ಸಿನ ಮೇಲೆ ನೇರವಾಗಿ ಬಿದ್ದಿತು. ಜರ್ಮನ್ ಪದ್ಯ ಸ್ವರಾಘಾತವನ್ನು ಅನುಸರಿಸಿದರೆ ಕನ್ನಡದ ದೇಶೀ ಪದ್ಯ ಮಾತ್ರೆಯನ್ನು ಅನುಸರಿಸುತ್ತದೆ. ಕೋರಾಲಿನಲ್ಲಿ ಬಹುಮಟ್ಟಿಗೆ ಪ್ರತಿಯೊಂದು ಅಕ್ಷರಕ್ಕೂ ಸಮಾನಕಾಲದ ಒಂದು ಸ್ವರ. ಈ ಅಚ್ಚಿಗೆ ಕನ್ನಡವನ್ನು ಎರೆದಾಗ ಲಘುವೂ ಗುರುವಿನಷ್ಟೇ ಎಳೆಯುತ್ತದೆ. ಮಾತಿನ ಸಹಜವಾದ ಏರಿಳಿತ ಅಳಿಸಿಹೋಗುತ್ತದೆ. ಎರಡನೆಯ ಅಕ್ಷರದ ಆದಿಪ್ರಾಸಕ್ಕೆ ಒಗ್ಗಿದ್ದ ಕಿವಿಗೆ ಸಾಲಿನ ಕೊನೆಯ ಅಂತ್ಯಪ್ರಾಸ ಹೊಸದು. ಹೊಸಗನ್ನಡ ಕವಿತೆ ೧೯೨೬ರ ‘ಇಂಗ್ಲಿಷ್ ಗೀತಗಳು’ ಸಂಕಲನದೊಡನೆ ತನ್ನ ಪದ್ಯರೂಪವನ್ನು ಬದಲಿಸಿಕೊಂಡಿತೆಂದು ನಾವು ವಿದ್ಯಾರ್ಥಿಗಳಿಗೆ ಹೇಳಿಕೊಡುತ್ತೇವೆ. ಅದಕ್ಕೂ ಹಲವು ದಶಕಗಳ ಮೊದಲೇ ಈ ಸಭೆಗಳ ಸಾಮಾನ್ಯ ಜನ ಪಾಶ್ಚಾತ್ಯ ಪದ್ಯಬಂಧದ ಕನ್ನಡವನ್ನು ವಾರವಾರವೂ ಹಾಡುತ್ತಿದ್ದರು. ಕಾವ್ಯಗುಣದಲ್ಲಿ ಆ ಗೀತೆಗಳನ್ನು ಶ್ರೀಯವರ ಕವಿತೆಗಳೊಡನೆ ಹೋಲಿಸಲಾಗದು. ಹಲವು ಕಡೆ ಭಾಷೆ ತೊಡರುತ್ತದೆ, ಅನುವಾದದ ಬಿಗಿತ ಕಾಣುತ್ತದೆ. ಆದರೂ ನವೋದಯದ ಪೂರ್ವಚರಿತ್ರೆಯಲ್ಲಿ ಇವುಗಳಿಗೆ ಒಂದು ಪುಟವನ್ನಾದರೂ ಮೀಸಲಿಡಬೇಕು.

೫

ಲೂಥರನ ತತ್ತ್ವದ ಎರಡನೆಯ ಅಂಶವನ್ನು ಕನ್ನಡದಲ್ಲಿ ಕೈಗೊಂಡವರು ಫರ್ಡಿನಂಡ್ ಕಿಟೆಲರು. ಇವರನ್ನು ನಾವು ನಿಘಂಟುಕಾರರೆಂದೇ ಬಲ್ಲೆವು. ಸುಮಾರು ೭೦,೦೦೦ ಶಬ್ದಗಳ ಕನ್ನಡ-ಇಂಗ್ಲಿಷ್ ನಿಘಂಟು ೧೮೯೪ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಟ್ಯುಬಿಂಗನ್ ವಿಶ್ವವಿದ್ಯಾನಿಲಯ ೧೮೯೬ರಲ್ಲಿ ಗೌರವ ಡಾಕ್ಟರೇಟನ್ನು ಕೊಟ್ಟಿತು. ಬೆಂಗಳೂರಿನ ಮಹಾತ್ಮಗಾಂಧಿ ರಸ್ತೆಯಲ್ಲಿ ಅವರ ಪ್ರತಿಮೆ ನಿಂತಿದೆ. ಇದೆಲ್ಲ ಸುಪರಿಚಿತ. ಆದರೆ ಪ್ರತಿಮೆಯ ಕಿಟೆಲರ ಹಿಂದೆ ಇನ್ನೊಬ್ಬ ಕಿಟೆಲರು ಇದ್ದಾರೆ.

೧೮೩೨ರಲ್ಲಿ ಉತ್ತರ ಜರ್ಮನಿಯ ಪೂರ್ವ ಫ್ರೀಸ್‌ಲ್ಯಾಂಡಿನ ಪಾದ್ರಿಯೊಬ್ಬರ ಮನೆಯಲ್ಲಿ ಹುಟ್ಟಿದ ಇವರು ೧೮೫೩ರಲ್ಲಿ, ಇಪ್ಪತ್ತೊಂದರ ವಯಸ್ಸಿನಲ್ಲಿ, ಕನ್ನಡನಾಡಿಗೆ ಬಂದರು. ಅಂದರೆ ವ್ಯುರ್ಟೆಂಬರ್ಗಿನವರೇ ಹೆಚ್ಚಾಗಿದ್ದ ಮಿಷನರಿಗಳ ನಡುವೆಯೂ ಇವರು ಬೇರೆ ಸೀಮೆಯವರು. ಭಾರತೀಯರ ನಡುವೆ ಭಾರತೀಯನಂತೆ ಬಾಳಬೇಕೆಂಬ ಇವರ ಹಂಬಲ ಮಿಷನ್ನಿನ ಶಿಸ್ತಿಗೆ ಹೊಂದಲಿಲ್ಲ. ಸಹೋದ್ಯೋಗಿಗಳೊಡನೆ ಮನಸ್ತಾಪಗಳಾದುವು. ಮುದ್ರಣಾಲಯ, ಶಾಲೆ, ಗ್ರಂಥಸಂಪಾದನೆ ಇಂತಹ ಕೆಲಸಗಳ ಕಡೆಗೆ ಇವರನ್ನು ಸರಿಸಲಾಯಿತು. ೧೮೬೦ರಲ್ಲಿ ಕೈಹಿಡಿದ ಪತ್ನಿ ಕೆಲವೇ ವರ್ಷಗಳಲ್ಲಿ ತೀರಿಕೊಂಡರು. ಅನಂತರ ಆಕೆಯ ಸೋದರಿಯನ್ನೇ ವಿವಾಹವಾದರು. ಇಂತಹ ಬಾಳಿನ ನಡುವೆ, ೧೮೬೨ರಲ್ಲಿ, ‘ಕಥಾಮಾಲೆ’ ಎಂಬ ಕೃತಿ ಮಂಗಳೂರಿನಲ್ಲಿ ಹೊರಬಂದಿತು. ಯೇಸುಕ್ರಿಸ್ತನ ಚರಿತ್ರೆಯನ್ನು ಕನ್ನಡ ಪದ್ಯದಲ್ಲಿ, ಭಾರತೀಯ ಗೇಯಛಂದಸ್ಸಿನ ಜಾಡಿನಲ್ಲಿ ಹೇಳುವುದು ಅದರ ಉದ್ದೇಶ. ಜರ್ಮನ್ ಧಾಟಿಗೆ ಕನ್ನಡ ಮಾತನ್ನು ಹೊಂದಿಸುವ ಪ್ರಯತ್ನ ಇಲ್ಲಿಲ್ಲ. ಮಾತೂ ಇಲ್ಲಿಯದು, ನಡೆಯೂ ಇಲ್ಲಿಯದು. ವಸ್ತು ಮಾತ್ರ ಹೊರಗಿನದು.

ಲೂಥರನ ತತ್ತ್ವಕ್ಕೆ ಮಿಷನ್ನಿನ ಗೀತಪುಸ್ತಕಕ್ಕಿಂತ ‘ಕಥಾಮಾಲೆ’ಯೇ ಹತ್ತಿರವೆಂಬುದರಲ್ಲಿ ಸಂದೇಹವಿಲ್ಲ. ತಮಿಳಿನಲ್ಲಿ ತಂಜಾವೂರಿನ ವೇದನಾಯಕಂ ಶಾಸ್ತ್ರಿಗಳು ಇದಕ್ಕೆ ಮೊದಲೇ, ಮರಾಠಿಯಲ್ಲಿ ನಾರಾಯಣ ವಾಮನ ಟಿಳಕರು ಅನಂತರ ಇಂತಹ ಹಾದಿಯಲ್ಲಿಯೇ ನಡೆದು ತಮ್ಮ ಸಭೆಗಳ ಹಾಡನ್ನು ರೂಪಿಸಿದರು. ಕನ್ನಡದಲ್ಲಿ ಮಾತ್ರ ಕಿಟೆಲರ ಕೃತಿ ಸಭೆಯ ಬಾಯಲ್ಲಿ ನಿಲ್ಲಲಿಲ್ಲ. ಅದರ ಹೆಸರು ಇಂದು ವಿದ್ವಾಂಸರ ಬರೆಹಗಳಲ್ಲಿ ಸಿಕ್ಕುವಷ್ಟು ಆರಾಧನೆಯಲ್ಲಿ ಸಿಕ್ಕುವುದಿಲ್ಲ. ಏಕೆ?

ಸಹೋದ್ಯೋಗಿಗಳ ಸಂಕುಚಿತ ದೃಷ್ಟಿ ಇದಕ್ಕೆ ಕಾರಣವೆಂದು ಹೇಳಿ ಮುಗಿಸುವುದು ಸುಲಭ. ಅದು ಒಂದು ಕಾರಣವಿದ್ದೀತು. ಆದರೆ ಮುಖ್ಯಕಾರಣ ಕೃತಿಯ ಪ್ರಕಾರದಲ್ಲಿಯೇ ಇದೆಯೆಂದು ನಮ್ಮ ಅಭಿಪ್ರಾಯ. ಕೋರಾಲ್ ಪ್ರಾರ್ಥನೆ; ಅದರಲ್ಲಿ ಮಾತನಾಡುವವರು ‘ನಾನು’, ‘ನಾವು’; ಕೇಳುವವನು ದೇವರು. ಮನೆ ಕಳೆದುಕೊಂಡವನು ತನ್ನ ನೋವನ್ನು ಅದರಲ್ಲಿ ಇಟ್ಟು ಹಾಡಬಹುದು. ‘ಕಥಾಮಾಲೆ’ ಕಥನ, ಅದರಲ್ಲಿ ಮಾತನಾಡುವವನು ಕಥೆ ಹೇಳುವವನು, ಕೇಳುವವರು ಊರಿನ ಜನ. ಪ್ರಾರ್ಥನೆಗೆ ಸಹಗಾಯಕರು ಸಾಕು. ಕಥನಕ್ಕೆ ಶ್ರೋತೃಗಳು ಬೇಕು. ಭಾರತವಾಚನಕ್ಕೆ ಕುಳಿತುಕೊಳ್ಳುವ ಊರಿನ ಜನ ಪಾದ್ರಿಯ ಕಥೆಗೆ ಬಂದು ಕುಳಿತುಕೊಳ್ಳುತ್ತಿರಲಿಲ್ಲ. ಸಭೆಯೊಳಗೆ ಇದ್ದವರಿಗಾದರೋ ಆ ನಡೆಯ ಪದ್ಯ ತಾವು ಬಿಟ್ಟುಬಂದ ಮನೆಯ ದನಿ. ಅದನ್ನು ಕೇಳಿದೊಡನೆ ಸಮಾಧಾನಕ್ಕಿಂತ ಮೊದಲು ಗಾಯ ನೆನಪಾಗಬಹುದಾಗಿದ್ದಿತು. ಹೊಸ ಧಾಟಿಯಲ್ಲಿ ಆ ಅಪಾಯವಿರಲಿಲ್ಲ. ಅದು ಯಾರ ಹಳೆಯ ಮನೆಯನ್ನೂ ನೆನಪಿಗೆ ತರುತ್ತಿರಲಿಲ್ಲ. ಜಾತಿಜಾತಿಗೆ ಬೇರೆ ಹಾಡುಗಳಿದ್ದ ಜನ ಒಂದೇ ಬೆಂಚಿನ ಮೇ��ೆ ಕುಳಿತಾಗ, ಯಾರ ಜಾತಿಗೂ ಸೇರದ ಧಾಟಿ ಎಲ್ಲರಿಗೂ ಸಮವಾಗಿ ಅಪರಿಚಿತವಾಗಿದ್ದಿತು. ಅಪರಿಚಿತವಾದುದರಿಂದಲೇ ಅದು ಎಲ್ಲರಿಗೂ ಸಮವಾಗಿ ದೊರೆಯಿತು.

ಇದರಿಂದ ಕಿಟೆಲರು ಸೋತರೆಂದು ತೀರ್ಮಾನಿಸಬಾರದು. ಕನ್ನಡ ಪದ್ಯದ ನಡೆಯಲ್ಲಿ ತಮ್ಮ ದೇವರ ಕಥೆಯನ್ನು ಹೇಳಲು ಹೊರಟವರು ಆ ನಡೆಯ ಶಾಸ್ತ್ರವನ್ನೇ ಹುಡುಕುತ್ತ ಹೋದರು. ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ೧೮೭೨ರಲ್ಲಿಯೂ ನಾಗವರ್ಮನ ‘ಛಂದೋಂಬುಧಿ’ಯನ್ನು ೧೮೭೫ರಲ್ಲಿಯೂ ಸಂಪಾದಿಸಿ ಪ್ರಕಟಿಸಿದರು. ೧೮೭೭ರಲ್ಲಿ ತಾಯ್ನಾಡಿಗೆ ಹಿಂದಿರುಗಿದವರು ೧೮೮೩ರಲ್ಲಿ ನಿಘಂಟಿಗಾಗಿ ಮತ್ತೆ ಬಂದರು; ೧೮೯೨ರಲ್ಲಿ ಕೊನೆಯದಾಗಿ ಹೊರಟರು. ತಾಯ್ನಾಡಿನಲ್ಲಿಯೂ ಅವರ ಮನೆಗೆಲಸ ಕನ್ನಡವೇ ಆಗಿದ್ದಿತು. ೧೯೦೩ರಲ್ಲಿ ಕನ್ನಡ ವ್ಯಾಕರಣವನ್ನು ಹೊರತಂದು ಅದೇ ವರ್ಷದ ಡಿಸೆಂಬರಿನಲ್ಲಿ ಟ್ಯುಬಿಂಗನ್ನಿನಲ್ಲಿ ತೀರಿಕೊಂಡರು. ಕನ್ನಡನಾಡಿನಲ್ಲಿ ಜರ್ಮನ್ನಿನವನಾಗಿ, ಜರ್ಮನಿಯಲ್ಲಿ ಕನ್ನಡದವನಾಗಿ ಬಾಳಿದ ಈ ಮನುಷ್ಯನನ್ನು ಹಿಡಿದು ನಿಲ್ಲಿಸಿದ್ದು ಊರಿನಿಂದ ತಂದ ಹಾಡಲ್ಲ, ಬಂದ ಊರಿನಲ್ಲಿ ಕಿವಿಗೊಟ್ಟು ಕೇಳಿದ ಹಾಡು. ‘ಕಥಾಮಾಲೆ’ಯ ಭಕ್ತನನ್ನೂ ನಿಘಂಟಿನ ವಿದ್ವಾಂಸನನ್ನೂ ಬೇರೆ ಬೇರೆಯಾಗಿಟ್ಟು ಬರೆಯುವ ನಮ್ಮ ಪದ್ಧತಿ ಆದ್ದರಿಂದ ಸರಿಯಾದುದಲ್ಲ.

೬

೧೯೧೪ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾದಾಗ ಜರ್ಮನ್ ಪ್ರಜೆಗಳಾಗಿದ್ದ ಮಿಷನರಿಗಳು ಶತ್ರುದೇಶದವರೆಂದು ಬಂಧನಕ್ಕೆ ಒಳಗಾದರು. ಕ್ರಮವಾಗಿ ದೇಶವನ್ನು ಬಿಟ್ಟು ಹೋಗಬೇಕಾಯಿತು. ಕಾರ್ಖಾನೆಗಳು ಕೈಬದಲಾಯಿಸಿದುವು. ೧೯೪೭ರಲ್ಲಿ ದಕ್ಷಿಣ ಭಾರತ ಸಭೆ ಸ್ಥಾಪಿತವಾದಾಗ ಮಂಗಳೂರು ಕಡೆಯ ಸಭೆಗಳೂ, ೧೯೬೮ರಲ್ಲಿ ಧಾರವಾಡದ ಕಡೆಯ ಸಭೆಗಳೂ ಅದರಲ್ಲಿ ಸೇರಿದುವು. ಧಾಟಿಯನ್ನು ತಂದವರು ಹೋದರು, ಧಾಟಿ ಹೋಗಲಿಲ್ಲ. ಹೇರಿಕೆ ಮಾತ್ರವೇ ಆಗಿದ್ದರೆ ಹೇರುವವರು ಹೊರಟ ದಿನವೇ ಅದು ಕಳಚಿ ಬೀಳಬೇಕಾಗಿದ್ದಿತು. ಬೀಳಲಿಲ್ಲ. ಇದು ಎರಡನೆಯ ಅಭಿಪ್ರಾಯಕ್ಕೆ ಉತ್ತರ. ಆದರೆ ಉಳಿದದ್ದು ವ್ಯುರ್ಟೆಂಬರ್ಗಿನ ನೆನಪಾಗಿಯೂ ಅಲ್ಲ. ಅದನ್ನು ಹಾಡುತ್ತಿದ್ದ ನೇಕಾರನಿಗಾಗಲಿ ಶಿಕ್ಷಕನಿಗಾಗಲಿ ವ್ಯುರ್ಟೆಂಬರ್ಗ್ ಎಂಬ ಹೆಸರೇ ಗೊತ್ತಿರಬೇಕಾಗಿರಲಿಲ್ಲ. ಇದು ಮೊದಲನೆಯ ಅಭಿಪ್ರಾಯಕ್ಕೆ ಉತ್ತರ.

ಹಾಗಾದರೆ ಹಾಡು ಮನೆಯಾಗುವುದು ಎಂದು? ಬೆಟಗೇರಿಯ ಅವ್ವ ಅದನ್ನು ದೇವಾಲಯದಿಂದ ಒಲೆಯ ಮುಂದಕ್ಕೆ ತಂದು, ರೊಟ್ಟಿ ಬಡಿಯುವ ಲಯಕ್ಕೆ ಹೊಂದಿಸಿ, ತನ್ನ ಮಗಳ ಕಿವಿಗೆ ಹಾಕಿದಂದು. ಅಲ್ಲಿಗೆ ಲೂಥರನ ತತ್ತ್ವದ ಎರಡನೆಯ ಅಂಶವೂ ನೆರವೇರಿತು: ಧಾಟಿ ಜನರದಾಯಿತು. ಅದನ್ನು ನೆರವೇರಿಸಿದ್ದು ಮಿಷನ್ನೂ ಅಲ್ಲ, ಕಿಟೆಲರೂ ಅಲ್ಲ, ಹೆಸರಿಲ್ಲದ ಹೆಂಗಸರು. ದೂರದ ಒಂಟಿಗರು ತಮ್ಮ ಸಮಾಧಾನಕ್ಕಾಗಿ ತಂದ ಧಾಟಿ, ಊರಿನಲ್ಲಿಯೇ ಮನೆ ಕಳೆದುಕೊಂಡವರ ಆಸರೆಯಾಗಿ, ಅವರ ಮೊಮ್ಮಕ್ಕಳ ತವರಾಗಿ, ಈಗ ಆ ತವರಿನಿಂದ ದೂರವಾಗಿ ಕೆಂಗೇರಿಗೆ ಬಂದವರ ಆಧಾರವಾಗಿದೆ. ಪ್ರತಿಯೊಂದು ತಲೆಮಾರೂ ಅದನ್ನು ತನ್ನ ನೋವಿನಿಂದ ಮತ್ತೊಮ್ಮೆ ಗಳಿಸಿಕೊಂಡಿದೆ. ಈ ಗಳಿಕೆಯಲ್ಲಿ ಬಿಟ್ಟುಹೋದದ್ದೂ ಉಂಟು. ದಾಸರ ಪದವನ್ನು ಬಿಟ್ಟು ಬಂದವನ ಮೌನ ಯಾವ ಗೀತಪುಸ್ತಕದಲ್ಲಿಯೂ ಅಚ್ಚಾಗಿಲ್ಲ. ಅದನ್ನೂ ಲೆಕ್ಕಕ್ಕೆ ಹಿಡಿಯದ ಚರಿತ್ರೆ ಪೂರ್ಣವಾಗದು.

ಕೊನೆಯದಾಗಿ ನಮ್ಮ ವಿದ್ಯಾರ್ಥಿಗಳಿಗೆ ಒಂದು ಸೂಚನೆ. ಮಿಷನ್ನಿನ ಚರಿತ್ರೆಯನ್ನು ನಾವು ವರದಿಗಳಿಂದಲೂ ಪತ್ರಗಳಿಂದಲೂ ಬರೆಯುತ್ತ ಬಂದಿದ್ದೇವೆ. ಆ ಕಾಗದಗಳು ಬಹುಮಟ್ಟಿಗೆ ಮಿಷನರಿಗಳ ಮಾತನ್ನೇ ಹೇಳುತ್ತವೆ. ಹಾಡಿದವರ ಮಾತು ಬೇರೆಡೆಯಲ್ಲಿದೆ. ರಾಜಾಜಿನಗರದಿಂದ ಕೆಂಗೇರಿಯವರೆಗಿನ ಮನೆಗಳಲ್ಲಿ ಅಂಚು ಸವೆದ ಗೀತಪುಸ್ತಕಗಳು ಇನ್ನೂ ದೊರೆಯಬಹುದು; ಧಾಟಿಗಳನ್ನು ಅಜ್ಜಿಯರಿಂದ ಕಲಿತವರು ಇನ್ನೂ ಇದ್ದಾರೆ. ಯಾವ ಊರಿನವರು ಯಾವ ಧಾಟಿಯನ್ನು ಯಾವ ಮಾರ್ಪಾಟಿನೊಡನೆ ಹಾಡುತ್ತಾರೆ, ಎಲ್ಲಿ ಲಘುವನ್ನು ಮತ್ತೆ ಲಘುವಾಗಿಯೇ ಉಳಿಸಿಕೊಂಡಿದ್ದಾರೆ, ಯಾವ ಗೀತೆಯನ್ನು ಸಾವಿನ ಮನೆಯಲ್ಲಿ, ಯಾವುದನ್ನು ಪ್ರಯಾಣಕ್ಕೆ ಹೊರಡುವಾಗ ಹಾಡುತ್ತಾರೆ ಎಂಬುದನ್ನು ಕೇಳಿ ಬರೆದಿಟ್ಟುಕೊಳ್ಳಬೇಕು. ಆ ಹಿರಿಯರು ಹೋದಮೇಲೆ ಈ ಕೆಲಸವನ್ನು ಮಾಡಲು ಬಾರದು. ಕೇಳಲು ಹೋದವರು ನಮ್ಮಂತೆ ಮೊದಲು ತಿದ್ದಲು ಹೊರಡದೆ, ಹಾಡು ಮುಗಿಯುವವರೆಗೆ ಕುಳಿತು ಕೇಳಬೇಕೆಂಬುದಷ್ಟೇ ನಮ್ಮ ವಿನಂತಿ.